ಪೆನ್‌ಡ್ರೈವ್ ಕಂಪ್ಯೂಟರಿಗೆ ಕಾಣಿಸುತ್ತಿಲ್ಲವೇ? ಮೊದಲು ಫೈಲುಗಳನ್ನು ಉಳಿಸಿಕೊಳ್ಳಿ, ಆಮೇಲೆ ರಿಪೇರಿ

ನಿನ್ನೆಯವರೆಗೆ ತೆರೆದುಕೊಳ್ಳುತ್ತಿದ್ದ ಪೆನ್‌ಡ್ರೈವ್ ಇಂದು ಮಾತನಾಡುತ್ತಿಲ್ಲ. ಸಿಕ್ಕಿಸಿದರೆ ಸದ್ದೇ ಇಲ್ಲ. ಅಥವಾ ಸದ್ದು ಬಂದರೂ ಡ್ರೈವ್‌ಗಳ ಸಾಲಿನಲ್ಲಿ ಹೆಸರಿಲ್ಲ. ಅಥವಾ ಹೆಸರಿದ್ದರೂ ಕ್ಲಿಕ್ ಮಾಡಿದ ಕೂಡಲೇ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಅಡ್ಡ ಬಂದು ನಿಲ್ಲುತ್ತದೆ. ಈ ಮೂರನ್ನೂ ನಾವು ‘ಪೆನ್‌ಡ್ರೈವ್ ತೋರಿಸುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಇವು ಮೂರು ಬೇರೆ ಬೇರೆ ಕಾಯಿಲೆಗಳು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಉಳಿಯಬಹುದಾಗಿದ್ದ ಫೈಲುಗಳೂ ಹೋಗುತ್ತವೆ.

ಹಾಗಾಗಿ ಯಾವ ಬಟನ್ ಒತ್ತುವ ಮೊದಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿರುವುದು ಬೇರೆಲ್ಲಾದರೂ ಇದೆಯೇ? ಇದ್ದರೆ ನೀವು ನಿರಾಳ. ಈ ಲೇಖನದ ಯಾವ ಹಂತವನ್ನಾದರೂ ಧೈರ್ಯವಾಗಿ ಮಾಡಬಹುದು, ಕೊನೆಗೆ ಫಾರ್ಮ್ಯಾಟ್ ಮಾಡಿ ಮುಗಿಸಬಹುದು. ಇಲ್ಲವಾದರೆ, ಫೈಲುಗಳು ಹೊರಗೆ ಬರುವವರೆಗೆ ಆ ಪೆನ್‌ಡ್ರೈವ್ ಮೇಲೆ ಹೊಸದಾಗಿ ಏನನ್ನೂ ಬರೆಯಬಾರದು. ಫಾರ್ಮ್ಯಾಟ್ ಬೇಡ, ‘ಸ್ಕ್ಯಾನ್ ಆ್ಯಂಡ್ ಫಿಕ್ಸ್’ ಬೇಡ, ಸರಿಯಾಯಿತೇ ಎಂದು ನೋಡಲು ಒಂದು ಚಿಕ್ಕ ಫೈಲನ್ನು ಹಾಕುವುದೂ ಬೇಡ.

ನನ್ನ ಸ್ನೇಹಿತರೊಬ್ಬರು ನಾಲ್ಕು ತಿಂಗಳು ತಿದ್ದಿದ ಪ್ರಬಂಧವನ್ನು ಒಂದೇ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದರು. ಒಂದು ಸಂಜೆ ಆ ಸಂದೇಶ ಬಂತು, ಗಾಬರಿಯಲ್ಲಿ ‘ಫಾರ್ಮ್ಯಾಟ್’ ಒತ್ತಿದರು. ಅದು ಫೈಲುಗಳ ಪಟ್ಟಿಯನ್ನು ಮಾತ್ರ ಅಳಿಸುವ ಕ್ವಿಕ್ ಫಾರ್ಮ್ಯಾಟ್ ಆಗಿದ್ದರಿಂದ ಮತ್ತು ಅವರು ಅಲ್ಲಿಗೇ ನಿಲ್ಲಿಸಿ ಬೇರೇನನ್ನೂ ಬರೆಯದಿದ್ದುದರಿಂದ ಬಹುಪಾಲು ಸಿಕ್ಕಿತು. ಆದರೆ ಸಿಕ್ಕಿದ್ದು ಹೆಸರುಗಳಿಲ್ಲದ ಫೈಲುಗಳ ರಾಶಿ: ಪ್ರತಿಯೊಂದಕ್ಕೂ ಹೆಸರಿನ ಜಾಗದಲ್ಲಿ ಏಳೆಂಟು ಅಂಕಿ. ಮೂರನೆಯ ಅಧ್ಯಾಯದ ಹನ್ನೊಂದು ಹಳೆಯ ಕರಡುಗಳ ನಡುವೆ ಕೊನೆಯದು ಯಾವುದೆಂದು ಒಂದೊಂದನ್ನೇ ತೆರೆದು ಓದಿ ಹುಡುಕಬೇಕಾಯಿತು. ಆ ಬಟನ್ ಒತ್ತದೇ ಇದ್ದಿದ್ದರೆ ಹೆಸರು, ಫೋಲ್ಡರ್ ಸಮೇತ ಸಿಗುವ ಸಾಧ್ಯತೆ ಇತ್ತು.

ಸಿಕ್ಕಿಸಿದಾಗ ಒಳಗೆ ಏನು ನಡೆಯುತ್ತದೆ

ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಪೆನ್‌ಡ್ರೈವ್‌ನ ಲೋಹದ ಬಾಯಿಯೊಳಗೆ ಬೆಳಕು ಬಿಟ್ಟು ನೋಡಿ. ನಾಲ್ಕು ಹೊಂಬಣ್ಣದ ಪಟ್ಟಿಗಳು ಕಾಣುತ್ತವೆ. ಅಂಚಿನ ಎರಡು ಸ್ವಲ್ಪ ಉದ್ದ, ನಡುವಿನ ಎರಡು ಗಿಡ್ಡ. ಅಂಚಿನವು ವಿದ್ಯುತ್ತಿಗೆ, 5 ವೋಲ್ಟ್ ಮತ್ತು ಗ್ರೌಂಡ್, ನಡುವಿನವು ದತ್ತಾಂಶಕ್ಕೆ. ಮೊದಲು ವಿದ್ಯುತ್ ತಲುಪಲಿ, ಆಮೇಲೆ ಮಾತುಕತೆ ಶುರುವಾಗಲಿ ಎಂದೇ ಈ ಉದ್ದದ ವ್ಯತ್ಯಾಸ. ಯುಎಸ್‌ಬಿ 3 ಬಗೆಯದಾದರೆ ಈ ನಾಲ್ಕರ ಹಿಂದೆ ಇನ್ನೂ ಐದು ಸಂಪರ್ಕಗಳಿರುತ್ತವೆ.

ಪ್ಲಾಸ್ಟಿಕ್ ಕವಚದೊಳಗೆ ಮುಖ್ಯವಾಗಿ ಎರಡು ಚಿಪ್‌ಗಳು. ಒಂದು ನಿಮ್ಮ ಫೈಲುಗಳಿರುವ ಫ್ಲ್ಯಾಶ್ ಮೆಮೊರಿ. ಇನ್ನೊಂದು ಅದರ ಕಾವಲುಗಾರನಂತಿರುವ ಕಂಟ್ರೋಲರ್. ಕಂಪ್ಯೂಟರ್ ಎಂದೂ ಮೆಮೊರಿಯ ಜೊತೆ ನೇರವಾಗಿ ಮಾತನಾಡುವುದಿಲ್ಲ, ಎಲ್ಲವೂ ಕಂಟ್ರೋಲರ್ ಮೂಲಕವೇ.

ವಿದ್ಯುತ್ ಸಿಕ್ಕ ಕೂಡಲೇ ಕಂಟ್ರೋಲರ್ ಎಚ್ಚೆತ್ತು, ದತ್ತಾಂಶದ ತಂತಿಯನ್ನು ಎತ್ತಿ ಹಿಡಿದು ‘ನಾನು ಬಂದಿದ್ದೇನೆ’ ಎನ್ನುತ್ತದೆ. ‘ನೀನು ಯಾರು?’ ಎಂದು ಕಂಪ್ಯೂಟರ್ ಕೇಳುತ್ತದೆ. ಆ ಉತ್ತರಕ್ಕೆ ಡಿಸ್ಕ್ರಿಪ್ಟರ್ ಎಂದು ಹೆಸರು. ಉತ್ತರ ಬಂದರೆ ವಿಂಡೋಸ್ ತನ್ನ ಪರಿಚಿತ ಸದ್ದು ಮಾಡುತ್ತದೆ. ನಂತರ ‘ನಿನ್ನ ಗಾತ್ರ ಎಷ್ಟು?’ ಎಂಬ ಪ್ರಶ್ನೆ. ಅದಾದ ಮೇಲೆ ಮೊದಲ ಸೆಕ್ಟರನ್ನು, ಅಂದರೆ ಮೊದಲ ಪುಟ್ಟ ತುಂಡನ್ನು, ಓದಿ ಪಾರ್ಟಿಷನ್ (ಫೈಲುಗಳಿಗಾಗಿ ಗುರುತು ಹಾಕಿದ ಭಾಗ) ಎಲ್ಲಿದೆ ಎಂದು ನೋಡುವುದು, ಆ ಪಾರ್ಟಿಷನ್‌ನಲ್ಲಿ ಫೈಲ್ ಸಿಸ್ಟಮ್ (ಯಾವ ಫೈಲ್ ಎಲ್ಲಿದೆ ಎಂದು ಲೆಕ್ಕವಿಡುವ ಪದ್ಧತಿ) ಯಾವುದೆಂದು ಗುರುತಿಸುವುದು, ಕೊನೆಗೆ ಇ, ಎಫ್, ಜಿ ಎಂದು ಯಾವುದೋ ಒಂದು ಅಕ್ಷರ ಕೊಡುವುದು.

ವಿದ್ಯುತ್, ಗುರುತು, ಗಾತ್ರ, ಪಾರ್ಟಿಷನ್, ಫೈಲ್ ಸಿಸ್ಟಮ್, ಅಕ್ಷರ: ಈ ಆರು ಮೆಟ್ಟಿಲುಗಳಲ್ಲಿ ನಿಮ್ಮ ಪೆನ್‌ಡ್ರೈವ್ ಎಲ್ಲಿಯವರೆಗೆ ಹತ್ತಿ ನಿಂತಿದೆ ಎಂದು ಕಂಡುಕೊಳ್ಳುವುದೇ ರೋಗಪತ್ತೆ. ಮೇಲಿನ ಮೆಟ್ಟಿಲಲ್ಲಿ ಎಡವಿದ್ದರೆ ಫೈಲುಗಳು ಸಿಗುವ ಸಾಧ್ಯತೆ ಹೆಚ್ಚು. ಕೆಳಗಿನ ಮೆಟ್ಟಿಲುಗಳಲ್ಲಿ ಎಡವಿದ್ದರೆ ಯಾವ ಸಾಫ್ಟ್‌ವೇರೂ ನೆರವಿಗೆ ಬಾರದು.

ಹಂತ 1: ಕಣ್ಣು, ಕಿವಿ, ಬೆರಳು

ಮೊದಲು ಅದೇ ಪೋರ್ಟ್‌ಗೆ ಬೇರೊಂದು ಪೆನ್‌ಡ್ರೈವ್ ಅಥವಾ ಮೌಸ್ ಹಾಕಿ ನೋಡಿ. ಅದೂ ಕೆಲಸ ಮಾಡದಿದ್ದರೆ ತಪ್ಪು ಪೋರ್ಟ್‌ನದು. ಮೌಸ್ ಕೆಲಸ ಮಾಡಿದರೆ ನಿಮ್ಮ ಪೆನ್‌ಡ್ರೈವನ್ನು ಬೇರೆ ಪೋರ್ಟ್‌ಗೆ, ನಂತರ ಬೇರೆ ಕಂಪ್ಯೂಟರಿಗೆ ಹಾಕಿ. ಮಧ್ಯೆ ಯುಎಸ್‌ಬಿ ಹಬ್ ಇದ್ದರೆ ತೆಗೆದು ನೇರವಾಗಿ ಸಿಕ್ಕಿಸಿ. ಡೆಸ್ಕ್‌ಟಾಪ್ ಆಗಿದ್ದರೆ ಮುಂಭಾಗದ ಪೋರ್ಟ್‌ಗಳನ್ನು ನಂಬಬೇಡಿ. ಅವು ಕ್ಯಾಬಿನೆಟ್ಟಿನೊಳಗೆ ಒಂದು ಕೇಬಲ್ ಮೂಲಕ ಮದರ್‌ಬೋರ್ಡಿಗೆ ಸೇರಿರುತ್ತವೆ, ಆ ಕೇಬಲ್ ಸಡಿಲವಾಗುವುದು ಅಪರೂಪವಲ್ಲ. ಹಿಂಭಾಗದ ಪೋರ್ಟ್‌ಗಳು ಬೋರ್ಡಿನ ಮೇಲೇ ಇರುತ್ತವೆ.

ಹೆಚ್ಚಿನವರು ಪ್ರಯತ್ನಿಸದ ಒಂದು ಉಪಾಯವಿದೆ. ನಿಮ್ಮದು ಯುಎಸ್‌ಬಿ 3 ಪೆನ್‌ಡ್ರೈವ್ ಆಗಿದ್ದು ನೀಲಿ ಪೋರ್ಟ್‌ನಲ್ಲಿ ಕಾಣಿಸದಿದ್ದರೆ, ಹಳೆಯ ಯುಎಸ್‌ಬಿ 2 ಪೋರ್ಟ್‌ಗೆ ಹಾಕಿ. ಹಿಂದಿನ ಐದು ಸಂಪರ್ಕಗಳಲ್ಲಿ ದೋಷವಿದ್ದರೆ ಮುಂದಿನ ನಾಲ್ಕರ ಮೂಲಕ ಅದು ನಿಧಾನಗತಿಯಲ್ಲಿ ಕೆಲಸ ಮಾಡಬಲ್ಲದು. ಯುಎಸ್‌ಬಿ 2 ಪೋರ್ಟ್ ಇಲ್ಲದಿದ್ದರೆ ಒಂದು ಯುಎಸ್‌ಬಿ 2 ಎಕ್ಸ್‌ಟೆನ್ಷನ್ ಕೇಬಲ್ ಸಾಕು, ಅದರಲ್ಲಿ ಆ ಐದು ತಂತಿಗಳೇ ಇರುವುದಿಲ್ಲ. ಯುಎಸ್‌ಬಿ 3ರ ಲೆಕ್ಕದ ವೇಗ ಸೆಕೆಂಡಿಗೆ 5 ಗಿಗಾಬಿಟ್, ಯುಎಸ್‌ಬಿ 2ರದು 480 ಮೆಗಾಬಿಟ್. ಫೈಲುಗಳನ್ನು ಹೊರತೆಗೆಯುವಾಗ ಆ ನಿಧಾನವನ್ನು ಸಂತೋಷದಿಂದ ಸಹಿಸಿಕೊಳ್ಳಬಹುದು.

ಈಗ ಬಾಯಿಯೊಳಗಿನ ಕೊಳೆ. ಜೇಬಿನಲ್ಲಿ, ಚೀಲದಲ್ಲಿ ಓಡಾಡುವ ಪೆನ್‌ಡ್ರೈವ್‌ನೊಳಗೆ ಬಟ್ಟೆಯ ನಾರು ಸೇರಿಕೊಂಡು, ಪ್ರತಿ ಬಾರಿ ಸಿಕ್ಕಿಸಿದಾಗಲೂ ಇನ್ನಷ್ಟು ಒಳಕ್ಕೆ ಒತ್ತಿಕೊಂಡು, ಬೂದು ಬಣ್ಣದ ಗಟ್ಟಿ ಉಂಡೆಯಾಗುತ್ತದೆ. ನನ್ನದೇ ಒಂದರಲ್ಲಿ ಸಾಸಿವೆ ಕಾಳಿನಷ್ಟು ದಪ್ಪದ ಇಂಥ ಉಂಡೆ ಸಿಕ್ಕಿತ್ತು. ಅದು ಹೊರಬಂದ ಮೇಲೆ ಪೆನ್‌ಡ್ರೈವ್ ಕೂದಲೆಳೆಯಷ್ಟು ಹೆಚ್ಚು ಆಳಕ್ಕೆ ಇಳಿಯಿತು, ಅಷ್ಟಕ್ಕೇ ಎಲ್ಲವೂ ಸರಿಯಾಯಿತು. ಮರದ ಹಲ್ಲುಕಡ್ಡಿಯನ್ನು ಬಳಸಿ, ಸೂಜಿ ಅಥವಾ ಪಿನ್ನು ಬೇಡ. ಪಟ್ಟಿಗಳ ಮೇಲೆ ಮಬ್ಬು ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಸಿಕ್ಕಿಸಿ. ಕಂಪ್ಯೂಟರಿನ ಪೋರ್ಟ್‌ನೊಳಗೆ ಕಡ್ಡಿ ಹಾಕುವುದಾದರೆ ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ, ವಿದ್ಯುತ್ ಸಂಪರ್ಕ ತೆಗೆದಿರಬೇಕು.

ಸಿಕ್ಕಿಸಿದ ಮೇಲೆ ಮೂರು ಸಂಗತಿಗಳನ್ನು ಗಮನಿಸಿ. ಪುಟ್ಟ ದೀಪ ಹತ್ತಿತೇ? ಕಂಪ್ಯೂಟರ್ ಸದ್ದು ಮಾಡಿತೇ? ಮುಟ್ಟಿದರೆ ವಿಪರೀತ ಬಿಸಿಯೇ? ದೀಪವೂ ಇಲ್ಲ, ಸದ್ದೂ ಇಲ್ಲ ಎಂದರೆ ವಿದ್ಯುತ್ತೇ ತಲುಪುತ್ತಿಲ್ಲ ಅಥವಾ ಕಂಟ್ರೋಲರ್ ಸತ್ತಿದೆ. ದೀಪವಿದೆ, ಸದ್ದಿಲ್ಲ ಎಂದರೆ ನಡುವಿನ ದತ್ತಾಂಶದ ಸಂಪರ್ಕದಲ್ಲಿ ಅಥವಾ ಕಂಟ್ರೋಲರಿನಲ್ಲಿ ತೊಂದರೆ. ಸದ್ದು ಬಂತು ಎಂದರೆ ಒಳ್ಳೆಯ ಸುದ್ದಿ, ಗುರುತಿನ ಮೆಟ್ಟಿಲು ದಾಟಿದೆ. ಕೆಲವೇ ಸೆಕೆಂಡುಗಳಲ್ಲಿ ಕೈಸುಡುವಷ್ಟು ಬಿಸಿಯಾದರೆ ತಕ್ಷಣ ತೆಗೆದುಬಿಡಿ. ಒಳಗೆ ಶಾರ್ಟ್ ಆಗಿದೆ, ಮತ್ತೆ ಮತ್ತೆ ಹಾಕುವುದು ಪೋರ್ಟ್‌ಗೂ ಅಪಾಯ.

ಬಾಯಿ ಅಲ್ಲಾಡುತ್ತಿದೆಯೇ ಎಂದು ಮೆಲ್ಲಗೆ ನೋಡಿ. ಲ್ಯಾಪ್‌ಟಾಪಿನಿಂದ ಹೊರಚಾಚಿದ ಪೆನ್‌ಡ್ರೈವ್‌ಗೆ ಕೈ ತಗುಲಿ ಬಾಗುವುದು ಬಹಳ ಸಾಮಾನ್ಯ. ಬಾಯಿಯನ್ನು ಬೋರ್ಡಿಗೆ ಕಟ್ಟಿರುವ ಸಣ್ಣ ಬೆಸುಗೆಯ ಚುಕ್ಕೆಗಳು ಆಗ ಬಿರುಕು ಬಿಡುತ್ತವೆ. ಒಂದು ಕೋನದಲ್ಲಿ ಹಿಡಿದರೆ ಕಾಣಿಸಿ, ಬಿಟ್ಟರೆ ಮಾಯವಾಗುವುದು ಈ ಬಿರುಕಿನ ಲಕ್ಷಣ. ಹಾಗೆ ಹಿಡಿದುಕೊಂಡು ಕಾಪಿ ಮಾಡುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಅಲ್ಲಾಡಿದಷ್ಟೂ ಬೆಸುಗೆಯ ಜೊತೆ ಬೋರ್ಡಿನ ಮೇಲಿನ ತಾಮ್ರದ ಗೆರೆಯೂ ಕಿತ್ತು ಬರಬಹುದು. ಬೆಸುಗೆಯನ್ನು ಮೊಬೈಲ್ ರಿಪೇರಿ ಮಾಡುವವರು ಹತ್ತು ನಿಮಿಷದಲ್ಲಿ ಹಾಕಿಕೊಡಬಲ್ಲರು, ಗೆರೆ ಕಿತ್ತರೆ ಅದು ಸೂಕ್ಷ್ಮ ಕೆಲಸವಾಗಿಬಿಡುತ್ತದೆ.

ಹಂತ 2: ‘ರೀಸ್ಟಾರ್ಟ್’ ಮಾಡಿ, ‘ಶಟ್‌ಡೌನ್’ ಅಲ್ಲ

ವಿಂಡೋಸ್ 10 ಮತ್ತು 11ರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ, ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ಒಳಭಾಗದ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮತ್ತೆ ಆನ್ ಮಾಡಿದಾಗ ಹಾಗೇ ಮರಳುತ್ತದೆ. ಸಿಕ್ಕಿಹಾಕಿಕೊಂಡ ಡ್ರೈವರ್, ಅಂದರೆ ಸಾಧನದ ಜೊತೆ ಮಾತನಾಡಲು ವಿಂಡೋಸ್ ಬಳಸುವ ಪ್ರೋಗ್ರಾಮ್, ಸಿಕ್ಕಿಹಾಕಿಕೊಂಡೇ ಇರುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತದೆ. ಪೆನ್‌ಡ್ರೈವ್ ತೆಗೆದು, ರೀಸ್ಟಾರ್ಟ್ ಮಾಡಿ, ಪೂರ್ತಿ ತೆರೆದುಕೊಂಡ ಮೇಲೆ ಸಿಕ್ಕಿಸಿ.

ಹಂತ 3: ಡಿಸ್ಕ್ ಮ್ಯಾನೇಜ್‌ಮೆಂಟ್ ಏನು ಹೇಳುತ್ತದೆ

ಈ ಇಡೀ ಕೆಲಸದ ಕೇಂದ್ರ ಇಲ್ಲಿದೆ. ವಿಂಡೋಸ್ ಕೀ ಮತ್ತು ಎಕ್ಸ್ ಕೀಯನ್ನು ಒಟ್ಟಿಗೆ ಒತ್ತಿದರೆ ಬರುವ ಪಟ್ಟಿಯಲ್ಲಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಆರಿಸಿ. ಕೆಳಭಾಗದಲ್ಲಿ ಡಿಸ್ಕ್ 0, ಡಿಸ್ಕ್ 1 ಎಂಬ ಸಾಲುಗಳು ಕಾಣುತ್ತವೆ. ಆ ಕಿಟಕಿಯನ್ನು ತೆರೆದಿಟ್ಟೇ ಪೆನ್‌ಡ್ರೈವ್ ತೆಗೆದು, ಮತ್ತೆ ಹಾಕಿ. ಯಾವ ಸಾಲು ಮಾಯವಾಗಿ ಮತ್ತೆ ಬಂತೋ ಅದೇ ನಿಮ್ಮದು. ಗಾತ್ರವನ್ನೂ ತಾಳೆ ನೋಡಿ. 16 ಜಿಬಿ ಎಂದು ಮಾರುವುದು ಇಲ್ಲಿ 14ರಿಂದ 15 ಜಿಬಿ ಎಂದು ಕಾಣುವುದು ಸಹಜ, ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ಅಂತರ ಅದು.

ಒಂದು ವೇಳೆ ‘ಹೆಲ್ದಿ’ ಎಂದಿದ್ದು ಅಕ್ಷರ ಮಾತ್ರ ಇಲ್ಲದಿದ್ದರೆ, ಅಥವಾ ಆ ಅಕ್ಷರ ನೆಟ್‌ವರ್ಕ್ ಡ್ರೈವಿನ ಅಕ್ಷರವೊಂದರ ಜೊತೆ ಡಿಕ್ಕಿ ಹೊಡೆಯುತ್ತಿದ್ದರೆ, ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್’ ಆರಿಸಿ, ವರ್ಣಮಾಲೆಯ ಕೊನೆಯ ಕಡೆಯ ಯಾವುದಾದರೂ ಅಕ್ಷರ ಕೊಡಿ. ಫೈಲುಗಳಿಗೆ ಏನೂ ಆಗುವುದಿಲ್ಲ. ಹೋಗಿಯೇ ಬಿಟ್ಟಿತು ಎಂದುಕೊಂಡ ಎಷ್ಟೋ ಪೆನ್‌ಡ್ರೈವ್‌ಗಳು ಈ ಒಂದು ಅಕ್ಷರಕ್ಕಾಗಿ ಕಾದಿರುತ್ತವೆ.

‘ರಾ’ ಎಂದು ಬರೆದಿದ್ದರೆ ಗಾತ್ರವೂ ಪಾರ್ಟಿಷನ್ನೂ ಇವೆ, ಫೈಲ್ ಸಿಸ್ಟಮ್ ಗುರುತು ಸಿಗುತ್ತಿಲ್ಲ. ಫಾರ್ಮ್ಯಾಟ್ ಕೇಳುವ ಸಂದೇಶ ಬರುವುದು ಇಂಥ ಸ್ಥಿತಿಯಲ್ಲೇ. ‘ಅನ್‌ಅಲೋಕೇಟೆಡ್’ ಎಂದಿದ್ದರೆ ಗಾತ್ರವಿದೆ, ಪಾರ್ಟಿಷನ್ನಿನ ವಿವರವೇ ಅಳಿಸಿದೆ. ಈ ಎರಡರಲ್ಲೂ ಫೈಲುಗಳು ಒಳಗೇ ಇರುವ ಸಾಧ್ಯತೆ ಚೆನ್ನಾಗಿದೆ. ನೇರವಾಗಿ ಹಂತ 5ಕ್ಕೆ ಹೋಗಿ.

‘ನೋ ಮೀಡಿಯಾ’ ಎಂದಿದ್ದರೆ, ಅಥವಾ ಗಾತ್ರ ಸೊನ್ನೆ ಎಂದು ತೋರಿಸುತ್ತಿದ್ದರೆ, ಸುದ್ದಿ ಕೆಟ್ಟದ್ದು. ಕಂಟ್ರೋಲರ್ ಬದುಕಿದೆ, ಆದರೆ ಮೆಮೊರಿ ಚಿಪ್ ಅದರ ಕೈಗೆ ಸಿಗುತ್ತಿಲ್ಲ. ಖಾಲಿ ಕಾರ್ಡ್ ರೀಡರ್ ಸಿಕ್ಕಿಸಿದರೆ ಹೇಗೋ ಹಾಗೆ. ಇದಕ್ಕೆ ಯಾವ ರಿಕವರಿ ಸಾಫ್ಟ್‌ವೇರೂ ಪ್ರಯೋಜನವಿಲ್ಲ, ಓದುವುದಕ್ಕೆ ಅದಕ್ಕೆ ಅಲ್ಲಿ ಏನೂ ಕಾಣುವುದಿಲ್ಲ. ‘ನೋ ಮೀಡಿಯಾ ಸರಿಪಡಿಸುತ್ತೇವೆ’ ಎನ್ನುವ ಪ್ರೋಗ್ರಾಮುಗಳಿಗೆ ಹಣ ಕೊಡಬೇಡಿ.

ಹಂತ 4: ಸಾಲೇ ಇಲ್ಲದಿದ್ದರೆ ಡಿವೈಸ್ ಮ್ಯಾನೇಜರ್

ಅದೇ ವಿಂಡೋಸ್-ಎಕ್ಸ್ ಪಟ್ಟಿಯಲ್ಲಿ ‘ಡಿವೈಸ್ ಮ್ಯಾನೇಜರ್’ ತೆರೆದು, ಕೊನೆಯ ಕಡೆ ಇರುವ ‘ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್’ ವಿಭಾಗವನ್ನು ಬಿಡಿಸಿ. ‘ಅನ್‌ನೋನ್ ಯುಎಸ್‌ಬಿ ಡಿವೈಸ್’, ಅದರ ಪಕ್ಕ ‘ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’, ಹಳದಿ ಎಚ್ಚರಿಕೆ ಗುರುತು, ತೆರೆದರೆ ಕೋಡ್ 43: ಈ ನೋಟ ಕಂಡರೆ ‘ನೀನು ಯಾರು?’ ಎಂಬ ಪ್ರಶ್ನೆಗೇ ಉತ್ತರ ಬರಲಿಲ್ಲ ಎಂದರ್ಥ. ಆ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ. ಪೆನ್‌ಡ್ರೈವ್ ತೆಗೆದು, ರೀಸ್ಟಾರ್ಟ್ ಮಾಡಿ, ಮತ್ತೆ ಹಾಕಿ. ಹೆಸರು ಕೇಳಿ ಹೆದರಬೇಡಿ, ಇಲ್ಲಿ ಅಳಿಯುವುದು ಕಂಪ್ಯೂಟರಿನ ನೆನಪಿನಲ್ಲಿರುವ ಡ್ರೈವರ್ ಜೋಡಣೆ ಮಾತ್ರ, ನಿಮ್ಮ ಫೈಲುಗಳಲ್ಲ. ಅದೇ ವಿಭಾಗದ ‘ಯುಎಸ್‌ಬಿ ರೂಟ್ ಹಬ್’ ತೆರೆದು, ‘ಪವರ್ ಮ್ಯಾನೇಜ್‌ಮೆಂಟ್’ ಪುಟವಿದ್ದರೆ, ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು ಎಂಬ ಸಾಲಿನ ಗುರುತು ತೆಗೆಯಿರಿ. ಸ್ವಲ್ಪ ಹೊತ್ತು ಚೆನ್ನಾಗಿದ್ದು ಆಮೇಲೆ ಮಾಯವಾಗುವ ಪೆನ್‌ಡ್ರೈವ್‌ಗಳಿಗೆ ಇದು ನೆರವಾಗುತ್ತದೆ.

ಎರಡು ಬೇರೆ ಕಂಪ್ಯೂಟರುಗಳಲ್ಲೂ ಕೋಡ್ 43 ಬಂದರೆ ಡ್ರೈವರ್ ಹುಡುಕುತ್ತಾ ಹೊತ್ತು ಕಳೆಯಬೇಡಿ. ಪೆನ್‌ಡ್ರೈವ್‌ಗೆ ಬೇಕಾದ ಡ್ರೈವರ್ ವಿಂಡೋಸ್ ಒಳಗೇ ಇರುತ್ತದೆ. ‘ಡ್ರೈವರ್ ಅಪ್‌ಡೇಟರ್’ ಎಂದು ಬರುವ ಪ್ರೋಗ್ರಾಮುಗಳ ಅಗತ್ಯವೇ ಇಲ್ಲ. ದೋಷ ಪೆನ್‌ಡ್ರೈವ್‌ನ ಬೋರ್ಡಿನಲ್ಲಿದೆ, ಹಂತ 7 ನೋಡಿ.

ಮನೆಯಲ್ಲಿ ಕಾಣುವುದು ಕಚೇರಿಯಲ್ಲಿ ಮಾತ್ರ ಕಾಣದಿದ್ದರೆ ಅಲ್ಲಿ ಭದ್ರತೆಗಾಗಿ ತಡೆದಿರಬಹುದು. ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವರನ್ನು ಕೇಳಿ, ಸೆಟ್ಟಿಂಗ್ ಕೆದಕಬೇಡಿ.

ಮ್ಯಾಕ್‌ನಲ್ಲಿ ‘ಡಿಸ್ಕ್ ಯುಟಿಲಿಟಿ’ ತೆರೆದು, ‘ವ್ಯೂ’ ಪಟ್ಟಿಯಲ್ಲಿ ‘ಶೋ ಆಲ್ ಡಿವೈಸಸ್’ ಆರಿಸಿದರೆ ಇದೇ ಮೆಟ್ಟಿಲುಗಳು ಕಾಣುತ್ತವೆ. ಆ್ಯಪಲ್ ಚಿಪ್ ಇರುವ ಮ್ಯಾಕ್ ಲ್ಯಾಪ್‌ಟಾಪುಗಳಲ್ಲಿ ವೆಂಚುರಾ ಆವೃತ್ತಿಯಿಂದ ಹೊಸ ಸಾಧನಕ್ಕೆ ಅನುಮತಿ ಕೇಳುವ ಪದ್ಧತಿ ಬಂದಿದೆ. ಆ ಕಿಟಕಿಯನ್ನು ನೋಡದೆ ಮುಚ್ಚಿದ್ದರೂ ಪೆನ್‌ಡ್ರೈವ್ ಕಾಣುವುದಿಲ್ಲ. ಲಿನಕ್ಸ್ ಬಳಸುವವರಿಗೆ ಕರ್ನಲ್ ಸಂದೇಶಗಳೇ ಅತ್ಯುತ್ತಮ ವೈದ್ಯ. ಅಲ್ಲಿ ಎರರ್ -71 ಅಥವಾ -110 ಪದೇ ಪದೇ ಬಂದರೆ ಮಾತುಕತೆ ತುಂಡಾಗುತ್ತಿದೆ ಎಂದರ್ಥ, ಅಂದರೆ ಸಂಪರ್ಕ, ಕೇಬಲ್ ಅಥವಾ ಕಂಟ್ರೋಲರ್ ಮೇಲೆ ಅನುಮಾನ ಪಡಬೇಕು.

ಹಂತ 5: ಫೈಲುಗಳನ್ನು ಹೊರತೆಗೆಯುವುದು

‘ರಾ’ ಅಥವಾ ‘ಅನ್‌ಅಲೋಕೇಟೆಡ್’ ಆದವರು ಇಲ್ಲಿ ನಿಧಾನಿಸಿ. ಪೆನ್‌ಡ್ರೈವ್‌ಗಿಂತ ಹೆಚ್ಚು ಖಾಲಿ ಜಾಗ ಕಂಪ್ಯೂಟರಿನ ಡಿಸ್ಕಿನಲ್ಲಿ ಇರಬೇಕು. ಸಿಕ್ಕ ಫೈಲುಗಳನ್ನು ಎಂದಿಗೂ ಅದೇ ಪೆನ್‌ಡ್ರೈವ್‌ಗೆ ಬರೆಯಬೇಡಿ.

ಟೆಸ್ಟ್‌ಡಿಸ್ಕ್ ಮತ್ತು ಫೋಟೊರೆಕ್ ಎಂಬ ಎರಡು ಪ್ರೋಗ್ರಾಮುಗಳು ಒಂದೇ ಪೊಟ್ಟಣದಲ್ಲಿ ಉಚಿತವಾಗಿ ಸಿಗುತ್ತವೆ. ಮುಕ್ತ ತಂತ್ರಾಂಶಗಳು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತವೆ. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್ ಇಲ್ಲ. ನೋಡಿ ಹಿಂಜರಿಯಬೇಡಿ, ಬಾಣದ ಕೀ ಮತ್ತು ಎಂಟರ್ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಟೆಸ್ಟ್‌ಡಿಸ್ಕ್ ತೆರೆದು, ಗಾತ್ರ ನೋಡಿ ಪೆನ್‌ಡ್ರೈವನ್ನು ಆರಿಸಿ. ಪಾರ್ಟಿಷನ್ ಬಗೆಯನ್ನು ಅದು ತಾನೇ ಊಹಿಸಿರುತ್ತದೆ, ಒಪ್ಪಿಕೊಳ್ಳಿ. ಪೆನ್‌ಡ್ರೈವ್ ಓದುವಾಗ ತಡವರಿಸುತ್ತಿದ್ದರೆ ಮೊದಲು ‘ಅಡ್ವಾನ್ಸ್ಡ್’ ಒಳಗಿನ ‘ಇಮೇಜ್ ಕ್ರಿಯೇಷನ್’ ಬಳಸಿ, ಇಡೀ ಪೆನ್‌ಡ್ರೈವ್‌ನ ಯಥಾಪ್ರತಿಯನ್ನು ಒಂದು ಫೈಲಾಗಿ ಡಿಸ್ಕಿಗೆ ಇಳಿಸಿಕೊಳ್ಳಿ. ಮುಂದಿನ ಹುಡುಕಾಟವೆಲ್ಲ ಆ ಪ್ರತಿಯ ಮೇಲೆ ನಡೆಯಲಿ. ಸಾಯುತ್ತಿರುವ ಪೆನ್‌ಡ್ರೈವ್ ಎಷ್ಟು ಸಲ ಓದಲು ಬಿಡುತ್ತದೋ ಹೇಳಲಾಗದು, ಒಂದೇ ಸಲದಲ್ಲಿ ಎಲ್ಲವನ್ನೂ ಬಾಚಿಕೊಳ್ಳುವುದು ಜಾಣತನ. ಲಿನಕ್ಸ್ ಬಲ್ಲವರು ಈ ಕೆಲಸಕ್ಕೆ ಡಿಡಿರೆಸ್ಕ್ಯೂ ಬಳಸಿದರೆ ಇನ್ನೂ ಉತ್ತಮ: ಓದಲಾಗದ ಜಾಗಗಳನ್ನು ಮೊದಲು ಬಿಟ್ಟು, ಚೆನ್ನಾಗಿರುವುದನ್ನೆಲ್ಲ ತೆಗೆದುಕೊಂಡು, ಆಮೇಲೆ ಹಟದ ಜಾಗಗಳಿಗೆ ಮರಳುತ್ತದೆ.

ನಂತರ ‘ಅನಲೈಸ್’, ‘ಕ್ವಿಕ್ ಸರ್ಚ್’. ಕಳೆದುಹೋದ ಪಾರ್ಟಿಷನ್ ಪಟ್ಟಿಯಲ್ಲಿ ಬಂದರೆ ಕೀಬೋರ್ಡಿನಲ್ಲಿ ‘ಪಿ’ ಒತ್ತಿ. ನಿಮ್ಮ ಫೋಲ್ಡರುಗಳ ಹೆಸರುಗಳು ಕಪ್ಪು ಪರದೆಯ ಮೇಲೆ ಒಂದರ ಕೆಳಗೊಂದು ಮೂಡಿದಾಗ ಆಗುವ ಸಮಾಧಾನವನ್ನು ಅನುಭವಿಸಿದವರೇ ಬಲ್ಲರು. ‘ಎ’ ಒತ್ತಿ ಎಲ್ಲವನ್ನೂ ಆರಿಸಿ, ಶಿಫ್ಟ್ ಹಿಡಿದು ದೊಡ್ಡ ‘ಸಿ’ ಒತ್ತಿ, ಕಂಪ್ಯೂಟರಿನ ಒಂದು ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ. ‘ರೈಟ್’ (ಪೆನ್‌ಡ್ರೈವ್‌ಗೆ ಬರೆಯುವುದು) ಎಂಬ ಆಯ್ಕೆಯನ್ನು ಈಗ ಮುಟ್ಟಬೇಡಿ.

ಏನೂ ಕಾಣದಿದ್ದರೆ ಫೋಟೊರೆಕ್. ಇದು ಫೈಲ್ ಸಿಸ್ಟಮ್ಮನ್ನು ನಂಬುವುದೇ ಇಲ್ಲ. ಪ್ರತಿ ಬಗೆಯ ಫೈಲಿನ ಆರಂಭದಲ್ಲಿರುವ ವಿಶಿಷ್ಟ ಗುರುತನ್ನು ಹುಡುಕುತ್ತಾ ಇಡೀ ಮೆಮೊರಿಯನ್ನು ಜಾಲಾಡುತ್ತದೆ. ಹೆಸರು ಹಾಗೂ ಫೋಲ್ಡರ್ ಉಳಿಯುವುದಿಲ್ಲ, ನನ್ನ ಸ್ನೇಹಿತರ ಪ್ರಬಂಧಕ್ಕೆ ಆದದ್ದು ಇದೇ. ಆದರೂ ಬೇರೆ ದಾರಿ ಮುಚ್ಚಿದಾಗ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ವಿಂಡೋಸ್‌ನೊಳಗೇ ಇರುವ ಚೆಕ್‌ಡಿಸ್ಕ್ ಬಗ್ಗೆ ಒಂದು ಮಾತು. ಫೈಲುಗಳು ಕಾಣುತ್ತಿದ್ದು ಕೆಲವು ಮಾತ್ರ ತೆರೆಯದಿದ್ದರೆ, ಮತ್ತು ಎಲ್ಲದರ ಪ್ರತಿ ನಿಮ್ಮ ಬಳಿ ಇದ್ದರೆ, ಡ್ರೈವಿನ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ‘ಟೂಲ್ಸ್’, ‘ಚೆಕ್’ ಎಂದು ಹೋಗಬಹುದು. ಅದು ಫೈಲ್ ಸಿಸ್ಟಮ್ಮನ್ನು ಸುಸಂಬದ್ಧಗೊಳಿಸುವ ಸಾಧನ, ಫೈಲುಗಳನ್ನು ರಕ್ಷಿಸುವ ಸಾಧನವಲ್ಲ. ಲೆಕ್ಕಕ್ಕೆ ಸಿಗದ ತುಂಡುಗಳನ್ನು ಸಂಖ್ಯೆಯ ಹೆಸರಿನ ಫೈಲುಗಳಾಗಿ ಕತ್ತರಿಸಿಡಲು ಹಿಂಜರಿಯುವುದಿಲ್ಲ. ‘ರಾ’ ಆದ ಡ್ರೈವಿನಲ್ಲಿ ಅದು ಓಡುವುದೂ ಇಲ್ಲ.

ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಅದು ವೈರಸ್ಸಿನ ಕೈವಾಡ. ಮೂಲ ಫೋಲ್ಡರುಗಳು ಸಾಮಾನ್ಯವಾಗಿ ಅಡಗಿ ಕುಳಿತಿರುತ್ತವೆ. ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡಬೇಡಿ. ಆ್ಯಂಟಿವೈರಸ್‌ನಿಂದ ತಪಾಸಣೆ ಮಾಡಿ, ಅಡಗಿದ ಮತ್ತು ಸಿಸ್ಟಮ್ ಫೈಲುಗಳನ್ನು ತೋರಿಸುವ ಆಯ್ಕೆ ಚಾಲೂ ಮಾಡಿ, ನಿಮ್ಮ ದಾಖಲೆಗಳನ್ನು ಮಾತ್ರ ಕಾಪಿ ಮಾಡಿಕೊಳ್ಳಿ.

ಹಂತ 6: ಪೆನ್‌ಡ್ರೈವನ್ನು ಮತ್ತೆ ಬಳಕೆಗೆ ತರುವುದು

ಫೈಲುಗಳು ಹೊರಬಂದವು, ಅಥವಾ ಬೇಕಾದವು ಏನೂ ಇರಲಿಲ್ಲ. ಈಗ ಕೈ ಬಿಚ್ಚಿ ಕೆಲಸ ಮಾಡಬಹುದು. ಸಾಮಾನ್ಯ ಫಾರ್ಮ್ಯಾಟ್ ಆಗದಿದ್ದರೆ, ಆದೇಶಗಳನ್ನು ಟೈಪ್ ಮಾಡಿ ಬಳಸುವ ವಿಂಡೋಸ್‌ನ ಸಾಧನ ಡಿಸ್ಕ್‌ಪಾರ್ಟ್ ಬೇಕಾಗುತ್ತದೆ. ಅದು ಬಹಳ ಹರಿತವಾದ ಆಯುಧ, ‘ಖಚಿತವೇ?’ ಎಂದು ಕೇಳುವುದಿಲ್ಲ.

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಡಿಸ್ಕ್‌ಪಾರ್ಟ್’ ಎಂದು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಟೈಪ್ ಮಾಡಿ. ಮುಂದಿನ ಆದೇಶ ‘ಲಿಸ್ಟ್ ಡಿಸ್ಕ್’. ಬರುವ ಪಟ್ಟಿಯಲ್ಲಿ ಡಿಸ್ಕ್ 0 ಎದುರು 931 ಜಿಬಿ, ಡಿಸ್ಕ್ 1 ಎದುರು 14 ಜಿಬಿ ಎಂದಿದೆ ಎಂದುಕೊಳ್ಳಿ. 14 ಜಿಬಿಯದು ಪೆನ್‌ಡ್ರೈವ್. ‘ಸೆಲೆಕ್ಟ್ ಡಿಸ್ಕ್ 1’ ಎಂದು ಕೊಡಿ. ಇಲ್ಲಿ ನಿಲ್ಲಿ. ಮತ್ತೊಮ್ಮೆ ‘ಲಿಸ್ಟ್ ಡಿಸ್ಕ್’ ಕೊಟ್ಟು, ನಕ್ಷತ್ರದ ಗುರುತು 14 ಜಿಬಿಯ ಸಾಲಿನ ಮುಂದೆಯೇ ಇದೆಯೇ ಎಂದು ಕಣ್ಣಾರೆ ನೋಡಿ. ಒಂದು ಅಂಕಿ ತಪ್ಪಿದರೆ ಅಳಿಯುವುದು ಕಂಪ್ಯೂಟರಿನ ಬೇರೊಂದು ಡಿಸ್ಕ್. ಬೇರೆ ಎಕ್ಸ್‌ಟರ್ನಲ್ ಡಿಸ್ಕುಗಳು ಜೋಡಿಸಿದ್ದರೆ ಮೊದಲೇ ತೆಗೆದಿಡುವುದು ಒಳ್ಳೆಯದು.

‘ರೈಟ್ ಪ್ರೊಟೆಕ್ಟೆಡ್’ (ಬರೆಯಲು ತಡೆಯಿದೆ) ಎಂಬ ದೂರು ಬರುತ್ತಿದ್ದರೆ ಮೊದಲು ಪೆನ್‌ಡ್ರೈವ್‌ನ ಬದಿಯಲ್ಲಿ ಪುಟ್ಟ ಲಾಕ್ ಸ್ವಿಚ್ ಇದೆಯೇ ನೋಡಿ. ಇಲ್ಲವಾದರೆ ಇಲ್ಲೇ ‘ಆ್ಯಟ್ರಿಬ್ಯೂಟ್ಸ್ ಡಿಸ್ಕ್ ಕ್ಲಿಯರ್ ರೀಡ್‌ಓನ್ಲಿ’ ಎಂಬ ಆದೇಶ ಕೊಡಿ. ಆಮೇಲೆ ‘ಕ್ಲೀನ್’. ಅದು ಮುಗಿದ ಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಮರಳಿ, ‘ಅನ್‌ಅಲೋಕೇಟೆಡ್’ ಜಾಗದ ಮೇಲೆ ಬಲ ಕ್ಲಿಕ್ ಮಾಡಿ ‘ನ್ಯೂ ಸಿಂಪಲ್ ವಾಲ್ಯೂಮ್’ ಆರಿಸಿದರೆ ಉಳಿದದ್ದನ್ನು ಕಿಟಕಿಗಳೇ ನಡೆಸಿಕೊಡುತ್ತವೆ.

ಯಾವ ಫೈಲ್ ಸಿಸ್ಟಮ್? ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಓದಿ ಬರೆಯಬೇಕು, ದೊಡ್ಡ ವಿಡಿಯೊ ಹಾಕಬೇಕು ಎಂದರೆ ಎಕ್ಸ್‌ಫ್ಯಾಟ್. ಹಳೆಯ ಟಿವಿ, ಮ್ಯೂಸಿಕ್ ಪ್ಲೇಯರ್, ಪ್ರಿಂಟರಿಗೆ ಹಾಕುವುದಾದರೆ ಫ್ಯಾಟ್32. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಎನ್‌ಟಿಎಫ್‌ಎಸ್ ಮಾಡಿದರೆ ಮ್ಯಾಕ್ ಓದುತ್ತದೆ, ತಾನಾಗಿ ಬರೆಯುವುದಿಲ್ಲ. ‘ಕ್ವಿಕ್ ಫಾರ್ಮ್ಯಾಟ್’ ಗುರುತನ್ನು ಈ ಒಂದು ಸಲ ತೆಗೆಯಿರಿ. ಪೂರ್ಣ ಫಾರ್ಮ್ಯಾಟ್ ಇಡೀ ಜಾಗದ ಮೇಲೆ ಸೊನ್ನೆ ಬರೆಯುವುದರಿಂದ ಹೊತ್ತು ಹಿಡಿಯುತ್ತದೆ, ಆದರೆ ಕೆಟ್ಟ ಭಾಗವಿದ್ದರೆ ಇಲ್ಲೇ ಬಯಲಾಗುತ್ತದೆ.

ಮೇಲಿನ ಆದೇಶಕ್ಕೂ ಬರವಣಿಗೆಯ ಬೀಗ ತೆರೆಯದಿದ್ದರೆ ಅದನ್ನು ಜಗ್ಗಾಡಬೇಡಿ. ಮೆಮೊರಿ ಸವೆದಾಗ ಕೆಲವು ಕಂಟ್ರೋಲರುಗಳು ತಾವೇ ಓದುವುದಕ್ಕೆ ಮಾತ್ರ ಬಿಟ್ಟು ಬರೆಯುವುದನ್ನು ನಿಲ್ಲಿಸುತ್ತವೆ. ಅದು ನಿಮಗೆ ಸಿಕ್ಕ ಕೊನೆಯ ಅವಕಾಶ, ಇರುವುದನ್ನು ಕಾಪಿ ಮಾಡಿಕೊಂಡು ಆ ಪೆನ್‌ಡ್ರೈವನ್ನು ನಿವೃತ್ತಿಗೊಳಿಸಿ.

ಹೊಸದಾಗಿದ್ದೂ ಪದೇ ಪದೇ ಫೈಲ್ ಕೆಡಿಸುವ ಪೆನ್‌ಡ್ರೈವ್ ಮೇಲೆ ಬೇರೆಯೇ ಅನುಮಾನ ಪಡಬೇಕು. ಸಣ್ಣ ಮೆಮೊರಿ ಹಾಕಿ, ಕಂಟ್ರೋಲರಿಗೆ ದೊಡ್ಡ ಗಾತ್ರ ಹೇಳಲು ಕಲಿಸಿದ ನಕಲಿ ಪೆನ್‌ಡ್ರೈವ್‌ಗಳು ಮಾರುಕಟ್ಟೆಯಲ್ಲಿ ಇವೆ. ನಿಜವಾದ ಗಾತ್ರದವರೆಗೆ ಎಲ್ಲವೂ ಚೆನ್ನ, ಅಲ್ಲಿಂದಾಚೆ ಹಾಕಿದ್ದು ಗಾಳಿಗೆ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ಗೆ ಎಫ್3 ಎಂಬ ಪ್ರೋಗ್ರಾಮುಗಳು ಪೂರ್ತಿ ತುಂಬಿಸಿ, ಮತ್ತೆ ಓದಿ, ತಾಳೆ ನೋಡಿ ಸತ್ಯ ಹೇಳುತ್ತವೆ.

ಹಂತ 7: ಕಂಪ್ಯೂಟರ್ ಯಾವ ರೀತಿಯಲ್ಲೂ ಗುರುತಿಸದಿದ್ದರೆ

ಬೇಕಾದ ಫೈಲುಗಳಿಲ್ಲದಿದ್ದರೆ ಇಲ್ಲಿಗೆ ಬಿಡಿ, ಹೊಸದು ಕೊಳ್ಳಿ. ಬೇಕಾದವು ಇದ್ದರೆ ಕವಚ ತೆರೆಯುವ ಮೊದಲೇ ದತ್ತಾಂಶ ಮರುಪಡೆಯುವ ಪ್ರಯೋಗಾಲಯವನ್ನು ವಿಚಾರಿಸಿ. ಬಾಯಿ ಮುರಿದದ್ದು, ಬೆಸುಗೆ ಬಿಟ್ಟದ್ದು ಅವರಿಗೆ ಸುಲಭದ ಕೆಲಸ, ಎರಡೂ ಚಿಪ್‌ಗಳು ಆರೋಗ್ಯವಾಗಿಯೇ ಇರುತ್ತವೆ. ಕಂಟ್ರೋಲರ್ ಸತ್ತಿದ್ದರೆ ಮೆಮೊರಿ ಚಿಪ್ಪನ್ನು ಬಿಡಿಸಿ ನೇರವಾಗಿ ಓದಬೇಕು. ಕಂಟ್ರೋಲರ್ ದತ್ತಾಂಶವನ್ನು ಚದುರಿಸಿ, ಕಲಸಿ ಬರೆದಿರುವುದರಿಂದ ಅದನ್ನು ಮತ್ತೆ ಜೋಡಿಸುವುದು ದಿನಗಳ ಶ್ರಮ. ಉಗುರಿನಷ್ಟು ಚಿಕ್ಕದಾದ ಪೆನ್‌ಡ್ರೈವ್‌ಗಳಲ್ಲಿ ಎರಡೂ ಚಿಪ್‌ಗಳು ಒಂದೇ ಕಪ್ಪು ತುಂಡಿನೊಳಗೆ ಎರಕವಾಗಿರುತ್ತವೆ, ಅವು ಇನ್ನೂ ಕಷ್ಟ. ಕೆಲಸ ಕೊಡುವ ಮೊದಲು ಎರಡು ಸಂಗತಿ ಕೇಳಿ: ಪರೀಕ್ಷೆಗೆ ಎಷ್ಟು ಶುಲ್ಕ, ಏನೂ ಸಿಗದಿದ್ದರೆ ಎಷ್ಟು ಕೊಡಬೇಕು. ಫ್ರೀಜರಿನಲ್ಲಿಡುವುದು, ಬಿಸಿ ಗಾಳಿ ಊದುವುದು ಇಂಥ ಸಲಹೆಗಳನ್ನು ಪಾಲಿಸಬೇಡಿ. ಬೋರ್ಡಿನ ಮೇಲೆ ಕೂರುವ ತೇವವೂ ಶಾಖವೂ ಪ್ರಯೋಗಾಲಯದ ಕೆಲಸವನ್ನೇ ಕೆಡಿಸುತ್ತವೆ.

ಸರಿಯಾದ ಮೇಲೆ

ಒಮ್ಮೆ ಎಡವಿದ ಪೆನ್‌ಡ್ರೈವನ್ನು ಸಾಗಣೆಗೆ ಬಳಸಿ, ಸಂಗ್ರಹಕ್ಕೆ ಬೇಡ. ಅದರಲ್ಲಿರುವುದರ ಮೂಲ ಬೇರೊಂದು ಕಡೆ ಇರಲೇಬೇಕು. ವಿಂಡೋಸ್ 10ರ 1809ನೇ ಆವೃತ್ತಿಯಿಂದ ‘ಕ್ವಿಕ್ ರಿಮೂವಲ್’ ಎಂಬ ನೀತಿ ತಾನಾಗಿ ಇರುವುದರಿಂದ ‘ಇಜೆಕ್ಟ್’ ಒತ್ತಬೇಕಿಲ್ಲ ಎಂದು ಹಲವರು ಹೇಳುತ್ತಾರೆ. ನಾನು ಇಂದಿಗೂ ಒತ್ತುತ್ತೇನೆ. ಬರೆಯುತ್ತಿರುವಾಗಲೇ ಕಿತ್ತರೆ ಯಾವ ನೀತಿಯೂ ಕಾಪಾಡುವುದಿಲ್ಲ, ಕಾಪಿ ಮುಗಿದಂತೆ ಕಂಡ ಮೇಲೂ ದೀಪ ಇನ್ನೂ ಮಿಣುಕುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಡ್ರಾಯರಿನಲ್ಲಿ ವರ್ಷಗಟ್ಟಲೆ ಇಟ್ಟರೂ ಹಾಗೇ ಇರುತ್ತದೆ ಎಂದುಕೊಳ್ಳಬೇಡಿ. ಫ್ಲ್ಯಾಶ್ ಮೆಮೊರಿ ಮಾಹಿತಿಯನ್ನು ವಿದ್ಯುದಾವೇಶವಾಗಿ ಹಿಡಿದಿಡುತ್ತದೆ, ಆ ಆವೇಶ ಕಾಲಕ್ರಮೇಣ ಸೋರುತ್ತದೆ.

ಎಸೆಯುವುದೇ ಆದರೆ ಇನ್ನೊಂದು ಕೆಲಸ ಬಾಕಿ ಇದೆ. ನಿಮ್ಮ ಕಂಪ್ಯೂಟರಿಗೆ ಕಾಣದ ಪೆನ್‌ಡ್ರೈವ್‌ನೊಳಗೆ ನಿಮ್ಮ ಫೋಟೊಗಳೂ ಬ್ಯಾಂಕ್ ದಾಖಲೆಗಳೂ ಹಾಗೇ ಇರಬಹುದು, ಮೆಮೊರಿ ಚಿಪ್ಪನ್ನು ಬಿಡಿಸಬಲ್ಲವರು ಅವನ್ನು ಓದಬಹುದು. ಬಾಯಿ ಮುರಿದರೆ ಸಾಲದು. ಕವಚ ತೆಗೆದು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಬೋರ್ಡಿನ ಮೇಲಿನ ಕಪ್ಪು ಚಿಪ್‌ಗಳಲ್ಲಿ ದೊಡ್ಡದನ್ನು ಇಕ್ಕಳದಲ್ಲಿ ಹಿಡಿದು ಎರಡು ತುಂಡಾಗುವಂತೆ ಒಡೆಯಿರಿ. ಉಳಿದದ್ದನ್ನು ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.